ಮೆಚ್ಚಿನ ಕಪಾಟಿನಲ್ಲೊಂದು ಜಾಗ

ಪುಸ್ತಕದಂಗಡಿಯಲ್ಲಿ ಅರವತ್ತನಾಲ್ಕನೆಯ ಪುಟ ತಿರುಗಿಸಿದ ‘ಕೆಂಪುಪೆನ್ನು’ ಎಂಬ ಅಡ್ಡಹೆಸರಿನವನ ಬೆರಳು ನಿಂತಿತು. ಮುಂದಿನ ಎರಡು ಹಾಳೆಗಳು ಮೇಲಂಚಿನಲ್ಲಿ ಒಂದಾಗಿದ್ದವು. ಮುದ್ರಣಾಲಯದಲ್ಲಿ ಮಡಿಸಿದವರು ಕತ್ತರಿಸುವುದನ್ನು ಮರೆತಿದ್ದರು. ಬಿಡಿಸದೆ ಒಳಗಿನ ಪುಟಗಳನ್ನು ಯಾರೂ ಓದುವಂತಿರಲಿಲ್ಲ. ಪಕ್ಕದ ಪ್ರತಿ ತೆಗೆದ. ಅದೂ ಹಾಗೆಯೇ. ಕಪಾಟಿನಲ್ಲಿದ್ದ ಆರೂ ಪ್ರತಿಗಳನ್ನು ನೋಡಿದ. ಕೊನೆಗೆ, ಅಂಗಡಿಯಾಕೆ ‘ನನ್ನ ಪ್ರತಿ, ಮಾರಾಟಕ್ಕಿಲ್ಲ’ ಎಂದು ಬರೆದಿಟ್ಟಿದ್ದ ಏಳನೆಯದನ್ನೂ ಬಿಚ್ಚಿದ. ಅದರ ಮಡಿಕೆಯನ್ನೂ ಯಾರೂ ಬಿಡಿಸಿರಲಿಲ್ಲ.

ಅದರ ಮುಂದೆಯೇ ಅವಳ ದುಂಡು ಅಕ್ಷರದ ಚೀಟಿ: ‘ಈ ತಿಂಗಳ ನನ್ನ ಮೆಚ್ಚಿನ ಓದು. ಶುರು ಮಾಡಿದರೆ ಕೆಳಗಿಡಲಾಗಲಿಲ್ಲ. ಕರ್ಚೀಫು ಹತ್ತಿರವಿರಲಿ.’

ಸಿಕ್ಕಿಬಿದ್ದಳು, ಎಂದುಕೊಂಡ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತನಾದವನು ಅವನು. ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು, ಕೆಂಪುಪೆನ್ನು ಎಂದೇ ಕರೆಯುತ್ತಿದ್ದರು. ಬದುಕಿದ್ದವರು ಬರೆದದ್ದು ಕಸ, ಸತ್ತವರು ಬರೆದದ್ದು ಹಳೆಯ ಕಸ ಎಂಬುದು ಅವನ ಅಭಿಪ್ರಾಯ. ಅವನ ಪ್ರಕಾರ ಜಗತ್ತಿನಲ್ಲಿ ತಪ್ಪಿಲ್ಲದ ಕಾದಂಬರಿ ಒಂದೇ ಇತ್ತು, ಅದನ್ನು ಅವನೇ ಬರೆದಿದ್ದ.

ಆ ಕಾದಂಬರಿ ಎರಡು ವರ್ಷದಿಂದ ಇದೇ ಅಂಗಡಿಯ ಬಾಗಿಲ ಪಕ್ಕದ ಕೆಳಗಿನ ಖಾನೆಯಲ್ಲಿ, ಪರೀಕ್ಷಾ ಗೈಡುಗಳ ಬೆನ್ನಿಗೆ ಆತು ಕೂತಿತ್ತು. ಗುರುವಾರ ಪ್ರಕಾಶಕ ಫೋನು ಮಾಡಿದ್ದ. ಗೋದಾಮಿನಲ್ಲಿ ಉಳಿದ ನಾನೂರು ಪ್ರತಿ ತಿಂಗಳ ಕೊನೆಗೆ ರದ್ದಿಗೆ ಹೋಗುತ್ತವೆ ಎಂದಿದ್ದ. “ಆ ಅಂಗಡಿಯಾಕೆಯ ಮೆಚ್ಚಿನ ಕಪಾಟು ಹತ್ತಿಸಿ ಸ್ವಾಮಿ, ಆಮೇಲೆ ಮಾತಾಡೋಣ. ಅಲ್ಲಿ ಕೂತ ಪುಸ್ತಕ ಇವತ್ತಿನವರೆಗೂ ಮಾರಾಟವಾಗದೆ ಉಳಿದದ್ದಿಲ್ಲ.”

ಉಳಿಯುವುದಾದರೂ ಹೇಗೆ? ಊರಿನ ಜನ ಕಾಲಿಗೆ ಚಪ್ಪಲಿ ಆರಿಸುವಾಗ ಹತ್ತು ಸಲ ಹಾಕಿ ನೋಡುತ್ತಿದ್ದರು, ಪುಸ್ತಕಕ್ಕೆ ಮಾತ್ರ ಆ ಚೀಟಿ ಸಾಕಾಗಿತ್ತು. ಅವನ ಸ್ವಂತ ಅಕ್ಕನೇ ಹೋದ ತಿಂಗಳು ಚೀಟಿ ನಂಬಿ ಒಂದು ತಂದಿದ್ದಳು. ಅವನು ಅಂಗಡಿಯಲ್ಲೇ ನಾಲ್ಕು ಪುಟ ನೋಡಿ ‘ಕೆಲಸವಿಲ್ಲದ ಹೆಂಗಸರ ಹರಟೆ’ ಎಂದು ಎಸೆದಿದ್ದ ಪುಸ್ತಕ ಅದು. ಅಕ್ಕ ಎರಡು ದಿನ ಅಡುಗೆಮನೆಯಲ್ಲೂ ಅದನ್ನು ಬಿಡಲಿಲ್ಲ. ಮುಗಿಸಿದ ಮೇಲೆ, “ನೀನೂ ಒಂದ್ಸಲ ಹೀಗೆ ಬರೀಬಾರದೇನೋ?” ಎಂದಳು. ಅವತ್ತು ಅವನು ಊಟ ಮಾಡದೆ ಎದ್ದುಬಿಟ್ಟ.

ಅಂಗಡಿಯಾಕೆಯ ಮೇಲೆ ಅವನಿಗಿದ್ದದ್ದು ಸಿಟ್ಟಲ್ಲ, ತಾತ್ಸಾರ. ಪ್ರತಿ ಶನಿವಾರ ಅವಳು ಸ್ಟೂಲು ಹಾಕಿ ಕೂರಿಸುತ್ತಿದ್ದಳು. ವಾರದ ಹೊಸ ಕಟ್ಟು ಬಿಚ್ಚಿ ಒಂದೊಂದೇ ಮುಂದಿಡುತ್ತಿದ್ದಳು. “ಇದು ಹೇಗೆ ಸರ್?” ಎಂದು ಕೇಳಿ, ಅವನು ಉಗಿಯುವುದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಳ್ಳುತ್ತ, ಪಟ್ಟಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಪ್ರತಿ ಶನಿವಾರವೂ ಏಳುವ ಮುಂಚೆ ಅವನು ತನ್ನ ಕಾದಂಬರಿಯ ಹಿರಿಮೆಯನ್ನು ಮರೆಯದೆ ಹೇಳುತ್ತಿದ್ದ. ಅವಳು ತಲೆದೂಗುತ್ತಿದ್ದಳು, ಅಷ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಬೈದುಕೊಂಡು ಮನೆಗೆ ಹೋಗುತ್ತಿದ್ದ.

ಇವತ್ತು ಬಾರಿಸಬೇಕಿರಲಿಲ್ಲ, ಬಡಿದರೆ ಸಾಕಿತ್ತು. ಕೊನೆಯ ಗಿರಾಕಿ ಹೊರಗೆ ಹೋಗುವವರೆಗೆ ಕಾದ. ಏಳನೆಯ ಪ್ರತಿಯನ್ನು ಅವಳ ಮುಂದೆ ಬಿಚ್ಚಿ ಹಿಡಿದ.

“ನೋಡಮ್ಮ, ಕೆಳಗಿಡಲಾಗಲಿಲ್ಲ ಅಂತ ಬರೆದಿದೀಯ. ಈ ಮಡಿಕೆ ಬಿಡಿಸದೆ ಹೇಗೆ ಓದಿದೆ? ಬಾಯಲ್ಲಿ ಊದಿಕೊಂಡಾ?”

ಅವಳು ಮಡಿಕೆ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

“ಓದಿಲ್ಲ ಸರ್.”

“ಇದೊಂದೇನಾ?”

“ಯಾವುದನ್ನೂ ಓದಿಲ್ಲ. ಬೆಳಗಿಂದ ಕಟ್ಟು ಬಿಚ್ಚೋದು, ಜೋಡಿಸೋದು, ಧೂಳು ಹೊಡೆಯೋದು. ಓದೋಕೆ ಪುರುಸೊತ್ತೆಲ್ಲಿ?”

ಅವಳು ಅಳುತ್ತಾಳೆ, ಕೈಮುಗಿಯುತ್ತಾಳೆ ಎಂದು ಲೆಕ್ಕ ಹಾಕಿದ್ದ. ಹೀಗೆ ಸಲೀಸಾಗಿ ಒಪ್ಪಿಕೊಂಡದ್ದು ಅವನಿಗೆ ಹಿಡಿಸಲಿಲ್ಲ. ಆದರೂ ಬಂದ ಕೆಲಸ ಬಿಡಲಿಲ್ಲ.

“ಊರಿಗೆಲ್ಲ ಹೇಳಲಾ? ಇಲ್ಲ, ನನ್ನ ಕಾದಂಬರೀನ ಆ ಕಪಾಟಿನಲ್ಲಿಟ್ಟು ಚೀಟಿ ಬರೀತೀಯಾ? ಓದದೇ ಬರೆಯೋದು ನಿನಗೇನು ಹೊಸದಲ್ಲವಲ್ಲ.”

“ಹಾಗೆ ಕಣ್ಣುಮುಚ್ಚಿ ಬರೆಯೋಕಾಗಲ್ಲ ಸರ್. ಜನ ನನ್ನ ನಂಬ್ತಾರೆ. ನಾನು ಓದಿಲ್ಲ ನಿಜ. ಓದಿ ಗೊತ್ತಿರೋರನ್ನ ಕೇಳಿಯೇ ಆರಿಸ್ತೀನಿ.”

ಕೆಂಪುಪೆನ್ನಿಗೆ ಮೈ ಉರಿಯಿತು. ತಾನಿಲ್ಲಿ ವಾರವಾರವೂ ಸ್ಟೂಲಿನ ಮೇಲೆ ಗಂಟಲು ಹರಿದುಕೊಳ್ಳುತ್ತಿರುವಾಗ ಇವಳು ಇನ್ಯಾವನೋ ಅರೆಬೆಂದವನ ಮಾತು ಕೇಳುತ್ತಿದ್ದಾಳೆ.

“ಯಾರವನು? ಹೆಸರು ಹೇಳು. ಅವನ ಯೋಗ್ಯತೆ ಎಷ್ಟು ಅಂತ ನಾನೇ ನೋಡ್ತೀನಿ.”

ಅವಳು ಮೇಜಿನಿಂದ ಪಟ್ಟಿ ತೆಗೆದು ಅವನ ಕಡೆ ತಿರುಗಿಸಿದಳು. ಹಳೆಯ ಅಭ್ಯಾಸದಂತೆ ಅವನ ಬೆರಳು ಒಂದೊಂದೇ ಪದದ ಕೆಳಗೆ ಸರಿಯಿತು. ಶನಿವಾರ, ಅಳುಬುರುಕರ ಸರಕು. ಶನಿವಾರ, ಕೆಲಸವಿಲ್ಲದ ಹೆಂಗಸರ ಹರಟೆ. ಶನಿವಾರ, ಇದನ್ನು ಮೆಚ್ಚುವವನು ಕತ್ತೆ. ಪ್ರತಿ ಸಾಲಿನ ಪಕ್ಕ ಒಂದು ಪುಸ್ತಕದ ಹೆಸರು. ಅದರ ಮುಂದೆ ಎರಡನೇ ಮುದ್ರಣ, ನಾಲ್ಕನೇ ಮುದ್ರಣ. ಎಲ್ಲವೂ ಅವನ ಮಾತೇ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

“ಎರಡು ವರ್ಷದಲ್ಲಿ ನೀವು ಬೈದ ಪುಸ್ತಕ ಒಂದೂ ಸೋತಿಲ್ಲ ಸರ್,” ಎಂದಳು ಅವಳು, ನಿಜವಾದ ಗೌರವದಿಂದ. “ನಿಮ್ಮದನ್ನೂ ಅಲ್ಲಿಡಬೇಕು ಅಂತ ನನಗೂ ಆಸೆಯಿತ್ತು. ಆದರೆ ಈ ಅಂಗಡೀಲಿ ನೀವು ಹೊಗಳಿರೋ ಪುಸ್ತಕ ಅದೊಂದೇ.”