ತುತ್ತೂರಿಯವನ ತುಟಿ

ತುತ್ತೂರಿ ಸ್ಪರ್ಧೆಗೆ ಇನ್ನು ನಾಲ್ಕೇ ದಿನ ಎನ್ನುವಾಗ ರಾದೊಯ್ಕೊನ ಮೇಲ್ದುಟಿಯ ಬಲಮೂಲೆ ಚುರುಗುಟ್ಟಿತು. ಅಂಥಿಂಥ ಚುರುಕಲ್ಲ, ಸಾವಿರ ಕೆಂಜಿಗಗಳು ದಿಬ್ಬಣ ಹೊರಟಂಥ ಚುರುಕು. ಅವನು ತುತ್ತೂರಿ ಊದಿದರೆ ಮೂರು ಗುಡ್ಡದಾಚೆಯ ಹಸುಗಳು ಕರುವಿನ ಮುಖ ಕಾಣದೆಯೇ ಸೊರೆ ಬಿಡುತ್ತಿದ್ದವು. ಸೆರ್ಬಿಯಾದ ಅರ್ಧ ಮದುವೆಗಳು ಅವನ ಉಸಿರಿನ ಮೇಲೇ ನಡೆಯುತ್ತಿದ್ದವು. ಆದರೆ ಆ ಉಸಿರು ಹಾದುಹೋಗಬೇಕಾದದ್ದು ತುಟಿಯನ್ನೇ ತಾನೆ. ಹೋದ ವರ್ಷ ಹೀಗೇ ಚುರುಗುಟ್ಟಿ ಗುಳ್ಳೆ ಎದ್ದು, ಊರಿಗೆ ಊರೇ ನೆರೆದಿದ್ದಾಗ ಅವನ ತುತ್ತೂರಿ ನೆಗಡಿಯಾದ ಮೇಕೆಯ ಹಾಗೆ ಅರಚಿ, ಬಹುಮಾನ ಪಕ್ಕದ ಮನೆಯ ಒಬ್ರಾದನ ಪಾಲಾಗಿತ್ತು.

“ಹುಲ್ಲು ಕೊಯ್ಯೋವಾಗ ಟೋಪಿ ಹಾಕ್ಕೋ, ತುಟಿಗೆ ಬಿಸಿಲಿನ ಮುಲಾಮು ಸವರ್ಕೋ ಅಂತ ಬಡ್ಕೊಂಡೆ,” ಎಂದಳು ಹೆಂಡತಿ ಪೆರ್ಸ, ಔಷಧಿಯಂಗಡಿಯಿಂದ ತಂದದ್ದನ್ನು ಹತ್ತಿಕಡ್ಡಿಯಲ್ಲಿ ಹಚ್ಚುತ್ತ. “ನನ್ ಮುಖ ಕಂಡ್ರೆ ಸೂರ್ಯಾನೇ ನೆರಳು ಹುಡುಕ್ತಾನೆ ಅಂದೆಯಲ್ಲ. ಹುಡುಕಿದ್ನಾ?”

“ಚುರುಗುಟ್ಟಿದ ತಕ್ಷಣ ಹಚ್ಚಿದ್ರೆ ಅರ್ಧಕ್ಕೇ ಅಡಗಬಹುದು ಅಂದಿದ್ರಲ್ಲ ಡಾಕ್ಟ್ರಮ್ಮ.”

“ಅಡಗಿದ್ರೆ ನಿನ್ನ ಪುಣ್ಯ. ಮುಟ್ಕೋಬೇಡ. ಲೋಟ, ಟವೆಲ್ಲು ಬೇರೆ ಇಟ್ಟಿದೀನಿ. ಗುಳ್ಳೆ ಕಾಣೋಕೆ ಮುಂಚೇನೂ ಅಂಟುತ್ತೆ ಇದು. ಹಕ್ಕಳೆ ಉದುರೋವರೆಗೂ ಮಗಳ ಮನೆ ಕಡೆ ತಲೆ ಹಾಕ್ಬೇಡ. ನಿನಗಿದು ಬರೀ ಗುಳ್ಳೆ ಮಾರಾಯ, ಹನ್ನೆರಡು ದಿನದ ಕೂಸಿಗೆ ಜೀವಕ್ಕೇ ಕುತ್ತು.”

ಅವಳು ಕೋಳಿಗಳಿಗೆ ಕಾಳು ಹಾಕಲು ಹಿತ್ತಲಿಗೆ ಹೋದಳೋ ಇಲ್ಲವೋ, ಬಾಗಿಲಲ್ಲಿ ಸ್ವೆತೊಜಾರ್ ನಿಂತಿದ್ದ. ಹೆಗಲ ಮೇಲೆ ಕಸೂತಿಯ ವಸ್ತ್ರ, ಎದೆಗೆ ಹೂವು, ಕೈಯಲ್ಲಿ ಪ್ಲಮ್ ಬ್ರಾಂದಿ ತುಂಬಿದ ಮರದ ಹೂಜಿ. ತಮ್ಮನ ಮದುವೆಗೆ ಕರೆಯಲು ಹೊರಟಿದ್ದ. ಕರೆ ಒಪ್ಪಿದವರು ಹೂಜಿಗೇ ಬಾಯಿ ಹಚ್ಚಿ ಕುಡಿಯಬೇಕು. ಮನೆಯಿಂದ ಮನೆಗೆ ಅದೇ ಹೂಜಿ. ಲೋಟ ಕೇಳಿದವನು ಮದುವೆಯ ಮುಖಕ್ಕೇ ಬಾಗಿಲು ಹಾಕಿದ ಹಾಗೆ.

“ಕುಡಿ ರಾದೊಯ್ಕಣ್ಣ. ನಿನ್ ತುತ್ತೂರಿ ಕೇಳ್ದೆ ಗಾಡಿ ಇಳಿಯಲ್ಲ ಅಂತ ಮದುಮಗಳು ಹಟ ಹಿಡಿದಿದಾಳೆ.”

ಬೇಡವೆನ್ನಲು ಬಾಯಿ ತೆರೆದವನ ಕಣ್ಣಿಗೆ ಬೇಲಿಯಾಚೆ ಒಬ್ರಾದನ ಮನೆಯ ಹೊಗೆಗೂಡು ಬಿತ್ತು. ಇಲ್ಲಿಂದ ಹೂಜಿ ನೇರ ಅಲ್ಲಿಗೇ. ಇಷ್ಟು ವರ್ಷ ಒಂದು ಗುಳ್ಳೆಯನ್ನೂ ಕಾಣದ ಆ ತುಟಿ ಸ್ಪರ್ಧೆಯ ದಿನ ಬದನೆಕಾಯಿಯಷ್ಟು ಊದಿಕೊಂಡದ್ದು ಅವನಿಗೆ ಈಗಲೇ ಕಂಡಿತು. ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ಹನ್ನೆರಡು ಕೋಣಗಳ ದಾಹದಿಂದ ಗಟಗಟ ಕುಡಿದ. ಬಲಮೂಲೆಯನ್ನು ಹೂಜಿಯ ಬಾಯಿಗೆ ಚೆನ್ನಾಗಿ ಉಜ್ಜಿ, ಮೇಲೊಂದು ಮುತ್ತನ್ನೂ ಕೊಟ್ಟ.

ಸ್ವೆತೊಜಾರ್ ಬೀದಿಗಿಳಿದ. ಒಬ್ರಾದನ ಗೇಟು ಬಂತು. ನಿಲ್ಲದೆ ಮುಂದೆ ಹೋದ.

“ಒಬ್ರಾದನ ಮನೆ ಬಿಟ್ಯಲ್ಲೋ,” ಎಂದು ರಾದೊಯ್ಕೊ ಕೂಗಿದ.

“ಅವನ ಸುದ್ದಿ ಎತ್ಬೇಡ. ನಿನ್ ಮನೆಗಿಂತ ಮೊದ್ಲು ಅಲ್ಲಿಗೇ ಹೋಗಿದ್ದೆ. ಈಗ ನಿನ್ ಮಗಳ ಮನೆಗೆ. ಅಳಿಯಂಗೆ ಒಂದು ಗುಟುಕು, ಕೂಸಿನ ತುಟಿಗೆ ಶುಭಕ್ಕೆ ಅಂತ ಒಂದು ತೊಟ್ಟು.”

ರಾದೊಯ್ಕೊ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದ. ಆ ವಯಸ್ಸಿನವರು ಭೂಮಿಯ ಮೇಲೆ ಎಲ್ಲಿಯೂ ಓಡದ ಓಟ ಓಡಿ, ಬೇಲಿ ಹಾರಿ, ಎರಡು ಬಾತುಗಳನ್ನು ಉರುಳಿಸಿ, ಹೂಜಿಗೆ ಜೋತುಬಿದ್ದ.

“ಸಾಲ್ಲಿಲ್ವಾ?”

“ಬ್ರಾಂದಿ ಹುಳಿಯಾಗಿದೆ ಕಣೋ. ಹೂಜಿ ತೊಳೆದು ಬೇರೆ ತುಂಬ್ಕೊಂಡ್ ಬಾ.”

“ಏನಂದೆ? ನಮ್ಮಪ್ಪ ಇಪ್ಪತ್ತು ವರ್ಷದ ಹಿಂದೆ ಬಟ್ಟಿ ಇಳಿಸಿದ್ದಿದು. ಸಾಯೋಕೆ ಮಲಗಿದ ಮುದುಕ್ರು ಇದನ್ನ ಮೂಸಿ ಎದ್ದು ಕೂತಿದಾರೆ. ಕೈ ಬಿಡು.”

ಸ್ವೆತೊಜಾರ್ ಎಳೆದ. ರಾದೊಯ್ಕೊ ಬಿಡಲಿಲ್ಲ. ಸುಳ್ಳಿನ ಕಣಜವೇ ಆಗಿದ್ದವನಿಗೆ ಆ ಗಳಿಗೆಯಲ್ಲಿ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

“ನನ್ನ ತುಟಿ, ಸ್ವೆತೊಜಾರ್. ಬೆಳಗ್ಗೆಯಿಂದ ಚುರುಗುಟ್ತಿದೆ. ಗೊತ್ತಿದ್ದೇ ಬಾಯಿ ಹಚ್ಚಿದೆ, ಒಬ್ರಾದನಿಗೆ ಅಂಟ್ಲಿ ಅಂತ. ಕೂಸಿನ ಹತ್ರ ಒಯ್ಬೇಡಪ್ಪ.”

ಸ್ವೆತೊಜಾರ್ ಬಿರಡೆ ಕಿತ್ತು, ಇಪ್ಪತ್ತು ವರ್ಷದ ಬ್ರಾಂದಿಯನ್ನು ಒಂದು ತೊಟ್ಟೂ ಉಳಿಸದೆ ಚರಂಡಿಗೆ ಸುರಿದ.

“ಒಬ್ರಾದನ ತುಟಿ ಮೇಲೂ ದ್ರಾಕ್ಷಿ ಗಾತ್ರದ್ದು ಎದ್ದಿದೆ,” ಎಂದ. “ಹೂಜಿ ಮುಟ್ಟಲೇ ಇಲ್ಲ. ‘ನೀನು ಮುಂದೆ ಕೂಸಿರೋ ಮನೆಗೆ ಹೋಗೋನು’ ಅಂದ. ನೆಪ ಹೇಳ್ತಿದಾನೆ, ಸೊಕ್ಕು ಅಂದ್ಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಮದುವೆಗೆ ಬರ್ಬೇಡ ಅಂದೆ ಅವನಿಗೆ. ಕರೆದಿದ್ದು ನಿನ್ನ.”