ಅಳಿಸಿದ ಇನ್ನೂರ ಹದಿನಾಲ್ಕು ಹೊಲಿಗೆ

ಚಹಾ ಕುಡಿಯುತ್ತಾ ಓದಿ… ಮುಗಿಯುವ ಹೊತ್ತಿಗೆ ಚಹಾ ಆರಿದ್ದರೆ ನನ್ನನ್ನು ಬೈಯಬೇಡಿ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ವನಮಾಲಾಳ ಫೋನ್ ರಿಂಗಾಯಿತು. ಆ ಕಡೆ ಶಿವಲೀಲಾ ಟೀಚರ್.

"ಚಾರ್ಟ್‌ನ್ಯಾಗ ತಪ್ಪೈತಿ. ಲ್ಯಾಪ್‌ಟಾಪ್ ತಗೊಂಡು ಈಗಿಂದೀಗ ಬರ್ರಿ." ಅಷ್ಟೇ… ಫೋನ್ ಕಟ್.

ವನಮಾಲಾ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟಳು.

ಹುಬ್ಬಳ್ಳಿಯಲ್ಲಿ ಅವಳದ್ದು ಪುಟ್ಟ ಕೆಲಸ. ಜನ ಫೋಟೋ ಕಳಿಸುತ್ತಾರೆ… ಅವಳು ಅದನ್ನು ಸಾಫ್ಟ್‌ವೇರ್‌ಗೆ ಹಾಕಿ, ಚೌಕ ಚೌಕ ಮಾಡಿ, ಹೆಸರು, ತಾರೀಖು ಸೇರಿಸಿ ಕ್ರಾಸ್ ಸ್ಟಿಚ್ ಕಸೂತಿಯ ಚಾರ್ಟ್ ಮಾಡಿಕೊಡುತ್ತಾಳೆ.

ಒಂದು ಚೌಕಕ್ಕೆ ಒಂದು ಹೊಲಿಗೆ, ಒಂದೊಂದು ಬಣ್ಣಕ್ಕೆ ಒಂದೊಂದು ಗುರುತು. ಹೊಲಿಯುವವರು ಗುರುತು ಎಣಿಸಿಕೊಂಡು ಹೋದರೆ ಸಾಕು.

ಶಿವಲೀಲಾ ರಿಟೈರ್ ಆದ ಹೊಲಿಗೆ ಟೀಚರ್. ಭಾನುವಾರ ಮಗನ ಎಂಗೇಜ್‌ಮೆಂಟ್. ಸೊಸೆಯಾಗಿ ಬರುವ ದಾನೇಶ್ವರಿಗೆ ಅವಳದೇ ಮುಖವನ್ನು ಕೈಯಾರೆ ಹೊಲಿದು ಕೊಡಬೇಕೆಂದು ಅವರ ಆಸೆ.

ಫೋಟೋ ಬಂದ ದಿನವೇ ವನಮಾಲಾ ನೋಡಿದ್ದಳು… ಹುಡುಗಿಯ ತುಟಿಯ ಅಂಚಿನಿಂದ ಎಡಗೆನ್ನೆಯವರೆಗೆ ತೊನ್ನಿನ ಬಿಳಿ ಮಚ್ಚೆ.

ಅವಳು ಯಾರನ್ನೂ ಕೇಳಲಿಲ್ಲ. ಬಣ್ಣ ಬದಲಿಸುವ ಬಟನ್ ಒತ್ತಿದಳು. ಒಂದೇ ಕ್ಲಿಕ್… ಇನ್ನೂರ ಹದಿನಾಲ್ಕು ಬಿಳಿ ಚೌಕಗಳು ಗೋಧಿ ಬಣ್ಣಕ್ಕೆ ತಿರುಗಿದವು. ಉಪಕಾರ ಮಾಡಿದೆನೆಂದು ಅವಳಿಗೆ ನೆಮ್ಮದಿ.

ಯಾಕೆಂದರೆ ವನಮಾಲಾಳ ಬಲಗೈಯಲ್ಲೂ ಅಂಥದೇ ಮಚ್ಚೆ ಇತ್ತು, ಮಣಿಕಟ್ಟಿನಿಂದ ಮೊಣಕೈವರೆಗೆ. ಏಪ್ರಿಲ್ ಬಿಸಿಲಿನಲ್ಲೂ ಫುಲ್ ತೋಳಿನ ಕುರ್ತಾ. ಓಣಿಯವರ ಪ್ರಕಾರ ಅವಳಿಗೆ ಸದಾ ಚಳಿ!

ಹದಿನಾಲ್ಕು ವರ್ಷದ ಹಿಂದೆ ಅವಳ ಎಂಗೇಜ್‌ಮೆಂಟ್ ಮುರಿದುಬಿದ್ದದ್ದೂ ಇಂಥದೇ ಒಂದು ಶುಕ್ರವಾರ… ಈ ಕೈಯಿಂದಾಗಿಯೇ.

ಆಟೋದಲ್ಲಿ ಕೂತು ಫೋನ್‌ನಲ್ಲಿ ಚಾರ್ಟ್ ಜೂಮ್ ಮಾಡಿ ಮಾಡಿ ನೋಡಿದಳು. ಎಲ್ಲೋ ಒಂದು ಬಿಳಿ ಚೌಕ ಉಳಿದುಬಿಟ್ಟಿರಬೇಕು… ಅದಕ್ಕೇ ಅತ್ತೆಗೆ ಸಿಟ್ಟು ಬಂದಿರಬೇಕು… ಪಾಪ, ಆ ಹುಡುಗಿಯ ಗತಿ?

ಟೀಚರ್ ಬಾಗಿಲಲ್ಲೇ ನಿಂತಿದ್ದರು. ನೀರು ಬೇಕಾ ಅಂತಲೂ ಕೇಳಲಿಲ್ಲ. ಹೊಲಿದ ಬಟ್ಟೆಯನ್ನು ಟೇಬಲ್ ಮೇಲೆ ಹರವಿದರು.

"ಇದು ಯಾರು?"

"ದಾನೇಶ್ವರಿ ಅಲ್ರೀ?"

"ಅಲ್ಲ."

ವನಮಾಲಾ ಬಟ್ಟೆಯ ಮೇಲೆ ಬಗ್ಗಿದಳು. "ಎಲ್ಲಾ ಅಳಿಸೇನ್ರೀ ಟೀಚರ್… ಒಂದೂ ಉಳಿದಿಲ್ಲ. ಬೇಕಾದ್ರ ಇನ್ನೊಮ್ಮೆ ನೋಡ್ತೇನಿ…"

"ಅಳಸ್ರಿ ಅಂತ ನಾ ಯಾವಾಗ ಹೇಳಿದ್ದೆ?"

ಅವಳು ತಬ್ಬಿಬ್ಬಾಗಿ ತಲೆಯೆತ್ತಿದಳು.

"ಕೆಳಗಿಂದ ಹೊಲಕೋತ ಬಂದೆ. ಗುರುತು ಎಣಸೂ ಮುಂದ ಮಾರಿ ಎಲ್ಲಿ ಕಾಣತೈತಿ? ಇವತ್ತ ಮುಂಜಾನೆ ಗಲ್ಲ ಮುಗಿಸಿ ದೂರ ಹಿಡಿದು ನೋಡಿದ್ರ… ಯಾರೋ ಬ್ಯಾರೆ ಹುಡುಗಿ!" ಟೀಚರ್ ಬಟ್ಟೆಯನ್ನು ಅವಳತ್ತ ತಳ್ಳಿದರು. "ಇದನ್ನ ಕೊಟ್ರ ಆಕಿ ಏನ್ ತಿಳ್ಕೋಬೇಕು? ನನ್ನ ಮಾರಿ ಈ ಮನಿಗೆ ಬ್ಯಾಡಾಗೇತಿ ಅಂತಲ್ಲ?"

ವನಮಾಲಾ ಕುರ್ಚಿ ಎಳೆದು ಕೂತಳು. ಲ್ಯಾಪ್‌ಟಾಪ್ ತೆರೆದಳು.

ಸೇವ್ ಮಾಡಿದ ಚಾರ್ಟ್‌ನಲ್ಲಿ ಆ ಬಣ್ಣದ ಸುಳಿವೇ ಇರಲಿಲ್ಲ. ಫೋಟೋ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚೌಕ ತುಂಬಬೇಕು. ಅತ್ತ ಟೀಚರ್ ಬಟ್ಟೆ ಹರಿಯದಂತೆ ಉಸಿರು ಬಿಗಿಹಿಡಿದು ಕೆನ್ನೆಯ ಹೊಲಿಗೆ ಬಿಚ್ಚತೊಡಗಿದರು.

ಅಷ್ಟರಲ್ಲಿ ಕರೆಂಟ್ ಹೋಯಿತು! ಬ್ಯಾಟರಿ ಇಪ್ಪತ್ತು ಪರ್ಸೆಂಟ್…

"ತೋಳು ಮ್ಯಾಲ ಮಾಡ್ಕೋರಿ, ಸೆಕಿಗೆ ಯಾಕ ಒದ್ದಾಡ್ತೀರಿ?"

"ಇರ್ಲಿ ಬಿಡ್ರಿ ಟೀಚರ್…"

ನೂರು… ನೂರ ಐವತ್ತು… ಇನ್ನೂರ ಹದಿನಾಲ್ಕು. ಚಾರ್ಟ್ ಮುಗಿದಾಗ ಬ್ಯಾಟರಿ ನಾಲ್ಕು ಪರ್ಸೆಂಟ್.

ಆದರೆ ದಾರ ಯಾವುದು? ಸಾಫ್ಟ್‌ವೇರ್ ತೋರಿಸಿದ್ದು ಅಪ್ಪಟ ಬಿಳಿ. ಟೀಚರ್ ಅದನ್ನು ಬಟ್ಟೆಯ ಮೇಲಿಟ್ಟು ತಲೆ ಅಲ್ಲಾಡಿಸಿದರು.

"ಸುಣ್ಣ ಬಳದಂಗ ಕಾಣತೈತಿ. ಫೋಟೋದಾಗ ಖರೇ ಬಣ್ಣ ಬರೂದಿಲ್ಲ. ಆಕಿನ್ನ ಕರೆಸಿ ನೋಡೋಣಂದ್ರ ಮೊದ್ಲ ಗೊತ್ತಾಗಿಬಿಡ್ತೈತಿ… ಏನ್ ಮಾಡೂದು?"

ವನಮಾಲಾ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡಳು.

ನಂತರ ಬಲತೋಳಿನ ಗುಂಡಿ ಬಿಚ್ಚಿದಳು. ಮೊಣಕೈವರೆಗೆ ಮಡಚಿ, ಕೈಯನ್ನು ಕಿಟಕಿಯ ಬೆಳಕಿಗೆ ಚಾಚಿದಳು.

"ಇದರ ಮ್ಯಾಲ ಇಟ್ಟು ನೋಡ್ರಿ, ಟೀಚರ್."

ಟೀಚರ್ ಕೈ ನೋಡಿದರು… ಮುಖ ನೋಡಿದರು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ದಾರವನ್ನು ಮಚ್ಚೆಯ ಮೇಲೆ ಇಟ್ಟರು.

ಬಿಳಿ ಹೊಂದಲಿಲ್ಲ. ಕೆನೆ ಬಣ್ಣ ಹೊಂದಲಿಲ್ಲ. ಮೂರನೆಯದು ಎಳೆ ಗುಲಾಬಿ… ದಾರ ಯಾವುದು, ಚರ್ಮ ಯಾವುದು ಎಂದೇ ತಿಳಿಯಲಿಲ್ಲ.

"ಎಷ್ಟ್ ಚಂದ ಬಣ್ಣ ಐತಿ! ಇಷ್ಟ್ ದಿನ ಯಾಕ ಮುಚ್ಚಿಟ್ಟಿದ್ದೆ, ನನ್ನವ್ವಾ?"

ಅಷ್ಟು ಸಾಕಾಯಿತು. ವನಮಾಲಾ ಟೇಬಲ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಟೀಚರ್ ಒಳಗೆ ಹೋಗಿ ನೀರು ತಂದರು, ಜೊತೆಗೆ ಒಂದು ಚೂರು ಬೆಲ್ಲ.

ಶನಿವಾರ ಸಂಜೆಗೆ ಹೊಲಿಗೆ ಮುಗಿಯಿತು.

ಭಾನುವಾರ ಎಲ್ಲರೆದುರು ದಾನೇಶ್ವರಿ ಫ್ರೇಮ್ ಮೇಲಿನ ಕಾಗದ ತೆಗೆದಳು. ಅವಳ ಬೆರಳು ಸೀದಾ ಆ ಕೆನ್ನೆಗೆ ಹೋಯಿತು… ಅಲ್ಲೇ ನಿಂತಿತು.

"ಅತ್ತಿ… ಇದನ್ನೂ ಹೊಲದೀರಾ?" ಕಣ್ಣೀರು ಗಾಜಿನ ಮೇಲೆ ಬಿತ್ತು.

"ಹೊಲದಾಕಿ ನಾ. ಬಣ್ಣ ಹುಡುಕಿ ಕೊಟ್ಟಾಕಿ ಆಕಿ, ಅಲ್ಲಿ ಕುಂತಾಳ ನೋಡು."

ಮೂರನೇ ಸಾಲಿನಲ್ಲಿ ವನಮಾಲಾ ಗಿಡ್ಡ ತೋಳಿನ ಬ್ಲೌಸ್ ಹಾಕಿಕೊಂಡು ಕೂತಿದ್ದಳು. ಬಲಗೈ ಎತ್ತಿ ಬೀಸಿದಳು.

*

ಕೇಳದೇ ಅಳಿಸಿದರೆ ಅದು ಕರುಣೆ ಆಗದು… ಇದ್ದ ಹಾಗೇ ಎಣಿಸಿ ಹೊಲಿದರೆ ಅದೇ ಪ್ರೀತಿ.

ನೀವು ಪ್ರೀತಿಸುವವರ ಚಿತ್ರದಲ್ಲಿ ಏನನ್ನು ಅಳಿಸುತ್ತಿದ್ದೀರಿ… ಒಮ್ಮೆಯಾದರೂ ಅವರನ್ನು ಕೇಳಿದ್ದೀರಾ?