ಬಿಟ್ಟಿ ಮೇಜು, ದುಡ್ಡಿನ ಮೇಜು

ಇಪ್ಪತ್ತು ಯೂರೋ ಕಟ್ಟಿ ಐಲಾ ಮೊದಲ ಸಲ ಆನ್‌ಲೈನ್ ಪೋಕರಿನ ದುಡ್ಡಿನ ಮೇಜಿಗೆ ಕೂತಳು. 'ಎಲ್ಲರಿಗೂ ಶುಭ ಮಧ್ಯಾಹ್ನ' ಎಂದು ಬರೆದಳು. ಪರದೆಯ ಮೇಲೆ ಆರು ಹೆಸರುಗಳಿದ್ದವು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

"ಸತ್ತವರ ಮನೆ ಇದ್ದ ಹಾಗಿದೆಯಲ್ಲೇ," ಎಂದಳು ಪಕ್ಕದಲ್ಲಿ ಕಾಲ್ಚೀಲ ಹೆಣೆಯುತ್ತಿದ್ದ ಅತ್ತಿಗೆ ಸಿರ್ಕ್ಕಾ, ಕಂಪ್ಯೂಟರಿನತ್ತ ಕತ್ತು ಚಾಚಿ.

ಐಲಾಳಿಗೂ ಅದೇ ಸೋಜಿಗ. ಕುವೋಪಿಯೊ ಊರಿನ ಈಜುಕೊಳದ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಇದೇ ಜಾಲತಾಣದ ಬಿಟ್ಟಿ ಮೇಜಿನಲ್ಲಿ ಪೋಕರ್ ಆಡಿಕೊಂಡಿದ್ದಳು. ಅಲ್ಲಿ ಪಣಕ್ಕಿಡುವ ಬಿಲ್ಲೆ ಖಾಲಿಯಾದರೆ ತಾಣದವರೇ ಮತ್ತೆ ತುಂಬಿಸುತ್ತಿದ್ದರು. ಹಾಗಾಗಿ ಕೈಗೆ ಕಸದಂಥ ಎಲೆ ಬಂದರೂ ಜನ ಇದ್ದಬದ್ದದ್ದನ್ನೆಲ್ಲ ನಡುವಿಗೆ ತಳ್ಳಿ ಕೇಕೆ ಹಾಕುತ್ತಿದ್ದರು. ಸುಳ್ಳು ಪಣ ಕಟ್ಟಿ ಯಾರನ್ನೂ ಹೆದರಿಸುವಂತಿರಲಿಲ್ಲ. ಆಟಕ್ಕಿಂತ ಹರಟೆಯೇ ಹೆಚ್ಚು. ಇಲ್ಲಿಯೂ ಅದೇ ಹಸಿರು ಮೇಜು, ಅವೇ ಇಸ್ಪೀಟ್ ಎಲೆಗಳು. ಆದರೆ ಐವತ್ತು ಸೆಂಟಿಗೂ ಮನುಷ್ಯರು ಉಸಿರು ಬಿಗಿಹಿಡಿದು ಯೋಚಿಸುತ್ತಿದ್ದರು.

ಅಷ್ಟರಲ್ಲಿ ಒಬ್ಬ ಎದ್ದುಹೋದ ಜಾಗಕ್ಕೆ ಹೊಸ ಹೆಸರೊಂದು ಬಂತು: ಹೌಕಿ.

"ಅಯ್ಯೋ, ನಮ್ಮ ಹೌಕಿ!" ಐಲಾ ಕುರ್ಚಿಯಲ್ಲೇ ಪುಟಿದಳು. ಅವನ ಮುಖವನ್ನು ಅವಳು ಕಂಡವಳಲ್ಲ. ಔಲು ಊರಿನವನು, ಒಂಟಿ, ಹೌಕಿ ಎಂಬ ಚೂಪು ಹಲ್ಲಿನ ಕೆರೆ ಮೀನಿನ ಹೆಸರಿಟ್ಟುಕೊಂಡವನು, ಬಿಟ್ಟಿ ಮೇಜಿನಲ್ಲಿ ದಿನಾ ಬೆಳಿಗ್ಗೆ ತನಗೆ ನಗುನಗುತ್ತ ಸೋಲುವವನು. ಅಷ್ಟೇ ಗೊತ್ತಿದ್ದುದು. 'ಏನೋ ಹೌಕಿ, ನೀನೂ ಇಲ್ಲಿಗೆ ಬಂದ್ಯಾ?' ಎಂದು ಬರೆದಳು. ಉತ್ತರವಿಲ್ಲ.

ಅವಳಿಗೆ ರಾಜನ ಜೋಡಿ ಬಂತು. 'ಇಲ್ಲಿ ಕೆರೆ ಪೂರ್ತಿ ಹೆಪ್ಪುಗಟ್ಟಿದೆ ಕಣೋ, ಮಕ್ಕಳೆಲ್ಲ ಜಾರುಗಾಡಿ ತಂದಿದ್ದಾರೆ' ಎಂದು ಬರೆಯುತ್ತಲೇ ಪಣ ಏರಿಸಿದಳು. ಹೌಕಿ ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟುಕೊಟ್ಟ. ಇನ್ನೊಮ್ಮೆ ಒಳ್ಳೆಯ ಎಲೆ ಬಂದು ಅವಳು ಗಾಳಿಯ ಮಾತೆತ್ತಿದಾಗಲೂ ಅವನು ಹಾಗೆಯೇ ಜಾರಿಕೊಂಡ. ಕೊನೆಗೆ, ಕೈಯಲ್ಲಿ ಏನೂ ಇಲ್ಲದಿದ್ದರೂ, ಇಲ್ಲಿಯವರು ಹೆದರುಪುಕ್ಕಲರಲ್ಲವೇ ಎಂದುಕೊಂಡು ಐಲಾ ಸದ್ದಿಲ್ಲದೆ ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದಳು. ಉಳಿದವರೆಲ್ಲ ಬಿಟ್ಟರು. ಹೌಕಿ ಬಿಡಲಿಲ್ಲ. ಬರೀ ಒಂಬತ್ತರ ಜೋಡಿ ತೋರಿಸಿ ಅವಳ ಇಪ್ಪತ್ತು ಯೂರೋವನ್ನೂ ಬಳಿದುಕೊಂಡ.

"ಸ್ನೇಹಿತನಂತೆ ಸ್ನೇಹಿತ!" ಸಿರ್ಕ್ಕಾ ಸೂಜಿ ಝಳಪಿಸಿದಳು. "ಮೀನಲ್ಲ ಕಣೇ ಅವನು, ಮೊಸಳೆ."

ಮರುದಿನ ಬೆಳಿಗ್ಗೆ ಬಿಟ್ಟಿ ಮೇಜು ತೆರೆಯುವುದೇ ತಡ, 'ಬಾರಮ್ಮ ಐಲಾ! ಕಾಫಿ ಆಯ್ತಾ?' ಎಂದು ಹೌಕಿಯ ಮಾತು ಮೂಡಿತು. ಏನೂ ನಡೆದೇ ಇಲ್ಲವೆಂಬಂತೆ.

'ನಿನ್ನೆ ಅಲ್ಲಿ ಇದ್ದದ್ದು ನೀನೇನಾ?'

'ನಾನೇ.'

'ಮತ್ತೆ ಬಾಯಿಗೇನಾಗಿತ್ತು?'

'ಅಲ್ಲಿಗೆ ನಾನು ದುಡಿಯೋಕೆ ಹೋಗ್ತೀನಿ. ಮನೆ ಬಾಡಿಗೆ ಅದರಲ್ಲೇ ಆಗ್ಬೇಕು. ಇಪ್ಪತ್ತು ವಾಪಸ್ ಕಳಿಸ್ಲಾ?'

'ಬೇಡ. ಗೆದ್ದದ್ದು ಗೆದ್ದದ್ದೇ. ಆದ್ರೆ ನನ್ನ ಕೈಲಿ ಏನೂ ಇಲ್ಲ ಅಂತ ಹೇಗೆ ಗೊತ್ತಾಯ್ತು, ಅದನ್ನ ಹೇಳು.'

ಹೌಕಿ ಬರೆದ. 'ಒಳ್ಳೆ ಎಲೆ ಬಂದ್ರೆ ನೀನು ಹಿಮ, ಗಾಳಿ, ಬಿಸಿಲು ಅಂತ ಶುರು ಮಾಡ್ತೀಯ. ಎಲೆ ಕೆಟ್ಟದಾಗಿದ್ರೆ ಸುಮ್ನಿರ್ತೀಯ.'

ಅವಳು ಕಾಫಿ ಲೋಟ ಕೆಳಗಿಟ್ಟಳು. ತನ್ನ ಬಗ್ಗೆ ತನಗೇ ಗೊತ್ತಿರದ ಈ ಸಂಗತಿಯನ್ನು ಮುಖ ಕಾಣದ ಒಬ್ಬ ಹಿಡಿದಿಟ್ಟುಕೊಂಡಿದ್ದ. ಸಿಟ್ಟು ಬರಬೇಕಿತ್ತು; ಬಂದದ್ದು ಕುತೂಹಲ. 'ಎಷ್ಟು ದಿನದಿಂದ ಗೊತ್ತು?'

'ನೀನು ಬಂದ ಮೊದಲ ವಾರದಿಂದ.'

'ಸುಳ್ಳುಗಾರ! ಹಾಗಿದ್ರೆ ಇಲ್ಲಿ ನಾನು ಹಿಮ ಅಂದಾಗೆಲ್ಲ ಎಲ್ಲಾ ಬಿಲ್ಲೆ ಸುರಿದು ಯಾಕೆ ಸೋಲ್ತೀಯ?'

ಮೇಜಿನಲ್ಲಿ ಬೇರೆಯವರು ಕೇಕೆ ಹಾಕುತ್ತಿದ್ದರು. ಯಾರೋ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದರು. ಕೊನೆಗೆ ಹೌಕಿಯ ಉತ್ತರ ಮೂಡಿತು: 'ನಾನು ಎಲೆ ಬಿಟ್ರೆ ನಿನ್ನ ಮಾತು ಅಲ್ಲಿಗೇ ನಿಂತುಹೋಗುತ್ತೆ. ನೀನು ಗೆದ್ರೆ ಇನ್ನೂ ಅರ್ಧ ಗಂಟೆ ಕೆರೆ ಕತೆ ಹೇಳ್ತೀಯ.'

ಐಲಾ ಅದನ್ನು ಎರಡು ಸಲ ಓದಿದಳು. ಅಷ್ಟರಲ್ಲಿ ಹೊಸ ಎಲೆಗಳು ಬಂದವು. ಎರಡೂ ಎಕ್ಕ, ಎಲ್ಲಕ್ಕಿಂತ ದೊಡ್ಡ ಜೋಡಿ. ಕಿಟಕಿಯಾಚೆ ಕೆರೆಯ ಹಿಮದ ಮೇಲೆ ಆಗಷ್ಟೇ ಬಿಸಿಲು ಬಿದ್ದು, ದೂರದ ದ್ವೀಪ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹೇಳಲೇಬೇಕಾದ ಬೆಳಗು. ಬೆರಳುಗಳು ಕೀಲಿಮಣೆಯ ತನಕ ಹೋಗಿ ಅಲ್ಲೇ ನಿಂತವು. ಅವಳು ಸುಮ್ಮನೆ ಸಣ್ಣದೊಂದು ಪಣ ಇಟ್ಟಳು. ಏನೂ ಬರೆಯಲಿಲ್ಲ.

ಹೌಕಿಯ ಸರದಿ ಬಂತು. ಯೋಚಿಸಲು ಕೊಟ್ಟ ಸಮಯದ ಹಸಿರು ಪಟ್ಟಿ ಕರಗುತ್ತ ಕರಗುತ್ತ ನೂಲಿನಷ್ಟಾಯಿತು.

'ಅಲ್ಲಿ ಹಿಮ ಬೀಳ್ತಿದೆಯಾ?' ಎಂದು ಬರೆದು, ಅವಳ ಉತ್ತರಕ್ಕೂ ಕಾಯದೆ, ಅವನು ತನ್ನೆಲ್ಲ ಬಿಲ್ಲೆಗಳನ್ನೂ ನಡುವಿಗೆ ತಳ್ಳಿದ.